ತುಂಗೆಗೆ ನಿದ್ದೆ ಯಾಕೆ ಹತ್ತುವುದಿಲ್ಲ

ಲೋಕ ಹುಟ್ಟಿತ್ತು, ಇನ್ನೂ ತೊಟ್ಟಿಲಿಗೆ ಹಾಕಿರಲಿಲ್ಲ. ಆ ಕಾಲದ ಮಾತಿದು, ಮಗು.

ಆಗ ಯಾವುದಕ್ಕೂ ಒಂದು ಕಡೆ ಕೂತು ಅಭ್ಯಾಸವಿರಲಿಲ್ಲ. ಸಂಜೆ ಈ ದಿಕ್ಕಿಗೆ ಇದ್ದ ಬೆಟ್ಟ ಬೆಳಿಗ್ಗೆ ಆ ದಿಕ್ಕಿಗೆ ಇರುತ್ತಿತ್ತು. ಹೊಳೆ ನಿನ್ನೆ ಹರಿದ ದಾರಿಯಲ್ಲಿ ಇವತ್ತು ಹರಿಯುತ್ತಿರಲಿಲ್ಲ. ಕಲ್ಲುಗಳು ಕೂಡ ಮಗ್ಗುಲು ಬದಲಿಸುತ್ತಲೇ ಇದ್ದವು. ಹುಲ್ಲುಗಳಂತೂ ತಮ್ಮ ಬೇರುಗಳನ್ನು ಸೀರೆಯ ನೆರಿಗೆಯ ಹಾಗೆ ಮೇಲೆತ್ತಿ ಹಿಡಿದು ಊರೂರು ಸುತ್ತುತ್ತಿದ್ದವು.

ಎಲ್ಲರಿಗಿಂತ ಹೆಚ್ಚು ಸುತ್ತುತ್ತಿದ್ದವನು ಗಾಳಿರಾಯ. ಭೂಮಿತಾಯಿಯ ಮೈಮೇಲೆ ಆಗ ಹೊದಿಕೆ ಅಂತ ಒಂದು ಎಳೆಯೂ ಇರಲಿಲ್ಲ. ಗಾಳಿರಾಯ ಬಂದಾಗಲೆಲ್ಲ ಅವಳ ಮೈಯ ಮಣ್ಣನ್ನು ಬೊಗಸೆ ಬೊಗಸೆಯಾಗಿ ಎತ್ತಿಕೊಂಡು ಹೊರಟುಬಿಡುತ್ತಿದ್ದ.

"ಎಲ್ಲಿಗೆ ಒಯ್ತೀಯಪ್ಪ ನನ್ನ ಮಣ್ಣನ್ನ?" ಅಂತ ಭೂಮಿತಾಯಿ ಕೇಳುತ್ತಿದ್ದಳು.

"ಯಾರಿಗೆ ಗೊತ್ತು? ಆಚೆಗೆ" ಅನ್ನುತ್ತಿದ್ದ ಗಾಳಿರಾಯ. ಆಚೆ ಅಂದರೆ ಎಲ್ಲಿ ಅಂತ ಅವನಿಗೂ ತಿಳಿದಿರಲಿಲ್ಲ.

ಆ ಕಾಲದಲ್ಲಿ ಮಾಳವ್ವ ಅಂತ ಒಬ್ಬಳು ಹೆಂಗಸಿದ್ದಳು. ಅವಳ ಗಂಡ ಕಾಟಯ್ಯ. ಅವರಿಗೊಂದು ಹೆಣ್ಣುಮಗು, ಹೆಸರು ದೇವೀರಿ. ಕಾಟಯ್ಯ ಗುಡಿಸಲು ಕಟ್ಟುತ್ತಿದ್ದ. ಗಾಳಿರಾಯ ಬಂದು ಕಂಬದ ಬುಡದ ಮಣ್ಣು ಎತ್ತಿಕೊಂಡು ಹೋಗುತ್ತಿದ್ದ. ಗುಡಿಸಲು ಬಿದ್ದುಹೋಗುತ್ತಿತ್ತು. ಕಾಟಯ್ಯ ಗಳುಗಳನ್ನು ಹೆಗಲಿಗೇರಿಸಿ, ಮಾಳವ್ವ ಮಡಕೆ ಕುಡಿಕೆ ತಲೆಮೇಲಿಟ್ಟು, ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಮುಂದಿನ ದಿಬ್ಬ ಹುಡುಕುತ್ತಿದ್ದರು. ಅಲ್ಲೂ ಅದೇ ಕಥೆ.

ಮನೆ ಬಿದ್ದದ್ದಕ್ಕೆ ಮಾಳವ್ವ ಅಳುತ್ತಿರಲಿಲ್ಲ. ಅವಳ ಸಂಕಟ ಬೇರೆ ಇತ್ತು. ದೇವೀರಿ ದೊಡ್ಡವಳಾಗುತ್ತಿದ್ದಳು, ಮಾತು ಬಂದಿತ್ತು, ಹಲ್ಲೆಲ್ಲ ಬಂದಿತ್ತು. ನಡಿಗೆ ಮಾತ್ರ ಬಂದಿರಲಿಲ್ಲ. ಹೇಗೆ ಬರಬೇಕು ಹೇಳು? ಎದ್ದು ನಿಂತರೆ ಕಾಲಡಿಯ ಮಣ್ಣು ಜಾರುತ್ತಿತ್ತು. ಮಗು ಕುಕ್ಕರಿಸಿ ಬೀಳುತ್ತಿತ್ತು. ಮತ್ತೆ ಏಳುತ್ತಿತ್ತು, ಮತ್ತೆ ಬೀಳುತ್ತಿತ್ತು. ಬಿದ್ದು ಬಿದ್ದು ಕೊನೆಗೆ ಏಳುವುದನ್ನೇ ಬಿಟ್ಟಿತು. ಅವ್ವನ ಸೊಂಟದ ಮೇಲೆ ಕೂತು, ಕೆಳಗೆ ಓಡಾಡುವ ಇರುವೆಗಳನ್ನು ಸುಮ್ಮನೆ ನೋಡುತ್ತಿತ್ತು.

"ಇದಕ್ಕೆ ಕಾಲು ಯಾಕೆ ಕೊಟ್ಟೆ, ನಿಲ್ಲೋಕೆ ನೆಲ ಕೊಡದೆ?" ಅಂತ ಮಾಳವ್ವ ಒಂದು ದಿನ ನೆಲಕ್ಕೇ ಕೇಳಿದಳು.

ಭೂಮಿತಾಯಿಗೆ ಆ ಮಾತು ನಾಟಿತು. ಅವಳು ಹುಲ್ಲುಗಳನ್ನೆಲ್ಲ ಕರೆದಳು.

ನೆಲ್ಲು ಬಂತು, ರಾಗಿ ಬಂತು, ಕಬ್ಬು ಬಂತು, ಬಿದಿರು ಬಂತು. ನೀವು ಅವನ್ನು ಪೈರು, ಬೊಂಬು ಅಂತ ಏನೇ ಕರೆಯಿರಿ, ಅವೂ ಹುಲ್ಲಿನ ಜಾತಿಯೇ. ಕೊನೆಗೆ ಇಬ್ಬರು ಅಕ್ಕತಂಗಿಯರು ಬಂದರು. ಅಕ್ಕನ ಹೆಸರು ಗರಿಕೆ. ತಂಗಿಯ ಹೆಸರು ತುಂಗೆ. ಈಗಿನವರು ಅವಳನ್ನು ಜೇಕು ಅಂತಲೂ ಅನ್ನುತ್ತಾರೆ.

ಭೂಮಿತಾಯಿ ಹೇಳಿದಳು: "ಮಕ್ಕಳೇ, ಅಲೆದದ್ದು ಸಾಕು. ನನ್ನ ಮೈಮೇಲೆ ಎಲ್ಲಾದರೂ ಬೇರು ಇಳಿಸಿ ಕೂತುಕೊಳ್ಳಿ. ನೀವು ಹಿಡಿದುಕೊಂಡರೆ ಗಾಳಿ ನನ್ನನ್ನ ಎಳೆಯೋಕಾಗಲ್ಲ. ಯಾರಿಗೆ ಯಾವ ಜಾಗ ಬೇಕೋ ಆರಿಸಿಕೊಳ್ಳಿ. ಮೊದಲನೇ ಮಳೆ ಬೀಳೋವಾಗ ಯಾರು ಎಲ್ಲಿ ಕೂತಿರ್ತೀರೋ ಅದೇ ನಿಮ್ಮ ಜಾಗ."

ನೆಲ್ಲು ನೀರು ನಿಂತ ಗದ್ದೆಗೆ ಇಳಿಯಿತು. ರಾಗಿ ಕೆಂಪುಮಣ್ಣಿನ ಹೊಲ ಹತ್ತಿತು. ಕಬ್ಬು ಹೊಳೆಯ ಬದಿಯ ಕಪ್ಪುಮಣ್ಣು ಕೇಳಿತು. ಬಿದಿರು ಕಾಡಿಗೆ ಹೋಯಿತು.

ಗರಿಕೆ ಮಾಳವ್ವನ ಗುಡಿಸಲ ಮುಂದೆ ಹೋಗಿ ನಿಂತಳು. ಅಂಗಳ ಎನ್ನುವಂಥದ್ದೇನೂ ಅಲ್ಲಿರಲಿಲ್ಲ, ಬರೀ ಹಾರುವ ಮಣ್ಣು.

"ಇಲ್ಲಿ ಕೂರ್ಲಾ?" ಅಂತ ಕೇಳಿದಳು.

"ಇಲ್ಲಿ ಜನ ಓಡಾಡ್ತಾರೆ ಕಣವ್ವ. ತುಳೀತಾರೆ" ಅಂದಳು ಮಾಳವ್ವ.

"ತುಳೀಲಿ. ನಾನು ಮಲಗಿಕೊಂಡೇ ಇರ್ತೀನಿ. ಮಲಗಿದವರನ್ನ ಬೀಳಿಸೋರು ಯಾರು?"

ಗರಿಕೆ ಅಂಗಳದಲ್ಲಿ ಮೈಚಾಚಿ ಮಲಗಿದಳು. ಒಂದು ಗೆಣ್ಣು ಮುಂದಕ್ಕೆ ಇಡುವಳು, ಅಲ್ಲಿ ಬೇರು ಬಿಡುವಳು. ಇನ್ನೊಂದು ಗೆಣ್ಣು ಇಡುವಳು, ಅಲ್ಲೂ ಬೇರು ಬಿಡುವಳು. ಚಾಪೆ ಹೆಣೆದ ಹಾಗೆ ನಿಧಾನವಾಗಿ ಅಂಗಳ ಹಸಿರಾಗತೊಡಗಿತು.

ತುಂಗೆ ಮಾತ್ರ ಎಲ್ಲೂ ಕೂರಲಿಲ್ಲ.

ಅವಳು ಗದ್ದೆಗೆ ಹೋಗಿ ಕೂತಳು. ನೀರು ತಣ್ಣಗಿತ್ತು, ಹಿತವಾಗಿತ್ತು. ಆದರೆ ಕೂತ ಕೂಡಲೇ ಅವಳಿಗೆ ಹೊಲದ ಬಿಸಿಲು ನೆನಪಾಯಿತು. ಎದ್ದು ಹೊಲಕ್ಕೆ ಹೋದಳು. ಬಿಸಿಲು ಚೆನ್ನಾಗಿತ್ತು. ಆದರೆ ಹೊಳೆಯ ಬದಿಯಲ್ಲಿ ಇನ್ನೂ ಚೆನ್ನಾಗಿರಬಹುದೇ? ಎದ್ದು ಹೊಳೆಗೆ ಓಡಿದಳು. ಹೊಳೆಯಲ್ಲಿ ಕೂತರೆ ಕಾಡಿನ ನೆರಳು ಕಂಡಿತು. ಕಾಡಿನಲ್ಲಿ ಕೂತರೆ ಬಯಲು ಕಂಡಿತು.

"ಒಂದು ಕಡೆ ಕೂರೇ" ಅಂತ ಗರಿಕೆ ಕೂಗಿ ಹೇಳಿದಳು.

"ಕೂರ್ತೀನಿ ಅಕ್ಕ. ಆಚೆ ಏನಿದೆ ಅಂತ ಒಂದ್ಸಲ ನೋಡಿ ಬಂದುಬಿಡ್ತೀನಿ."

ಅವಳು ಆಚೆ ನೋಡಲು ಓಡುತ್ತಿದ್ದಾಗಲೇ, ಬಯಲಿನ ನಟ್ಟನಡುವೆ, ಮೊದಲನೇ ಮಳೆಯ ಹನಿ ಬಿತ್ತು.

ಎಲ್ಲ ಹುಲ್ಲುಗಳ ಬೇರೂ ಇದ್ದಲ್ಲೇ ಇಳಿಯಿತು. ಬೆಟ್ಟ ನಿಂತಿತು. ಹೊಳೆ ತನ್ನ ದಾರಿ ಹಿಡಿಯಿತು. ತುಂಗೆ ಬೇರು ಎತ್ತಿಕೊಂಡು ಮಳೆಯಲ್ಲಿ ನಿಂತಿದ್ದಳು.

ಅವಳು ಗದ್ದೆಗೆ ಓಡಿದಳು. ನೆಲ್ಲು, "ಜಾಗ ಇಲ್ಲಮ್ಮ. ನೀನೇ ಬಿಟ್ಟು ಹೋದದ್ದಲ್ಲವಾ?" ಅಂದಿತು. ಹೊಲಕ್ಕೆ ಓಡಿದಳು. ರಾಗಿ ಬಾಗಿಲು ಹಾಕಿಕೊಂಡ ಮನೆಯ ಹಾಗೆ ಒತ್ತೊತ್ತಾಗಿ ನಿಂತಿತ್ತು. ಕಬ್ಬು ಎಲೆಯ ಅಂಚು ತೋರಿಸಿತು, ಕೊಯ್ಯುವ ಅಂಚು. ಬಿದಿರು ಮೇಲಿನಿಂದ, "ಕೆಳಗೆ ಯಾರದು? ಕಾಣೋದೇ ಇಲ್ಲ" ಅಂದಿತು.

ಕತ್ತಲಾಗುವ ಮುಂಚೆ ಅವಳು ಅಕ್ಕನ ಹತ್ತಿರ ಬಂದಳು. ಮೈಯೆಲ್ಲ ಒದ್ದೆ. ಬೇರುಗಳು ನಡುಗುತ್ತಿದ್ದವು.

ಗರಿಕೆ ಸ್ವಲ್ಪ ಸರಿದು ಮಗ್ಗುಲಲ್ಲಿ ಜಾಗ ಮಾಡಿದಳು. ಆಮೇಲೆ ಮಾಳವ್ವನಿಗೆ ಹೇಳಿದಳು: "ನನ್ನ ತಂಗಿ. ಎಲ್ಲೂ ಜಾಗ ಸಿಗಲಿಲ್ಲ. ಇಲ್ಲಿರಲಿ."

ಮಾಳವ್ವ ತುಂಗೆಯನ್ನು ನೋಡಿದಳು. ತೆಳ್ಳಗೆ, ನೆಟ್ಟಗೆ, ಹೊಳೆಯುವ ಎಲೆ. ಕೂತಿದ್ದರೂ ಈಗಲೋ ಆಗಲೋ ಏಳುವವಳ ಹಾಗೆ ಕೂತಿದ್ದಳು.

"ಇರೋದಾದರೆ ಇರಲಿ. ಆದರೆ ಅಲೆಯೋರು ಬೇಡ ನನ್ನ ಅಂಗಳದಲ್ಲಿ. ಅಲೆದು ಅಲೆದು ನನಗೆ ಸಾಕಾಗಿದೆ" ಅಂದಳು.

"ಅಲೆಯಲ್ಲ" ಅಂತ ತುಂಗೆ ಮಾತು ಕೊಟ್ಟಳು. ಕೊಡುವಾಗ ಅದು ಸುಳ್ಳಾಗಿರಲಿಲ್ಲ.

ಮಳೆ ನಿಂತಿತು. ಬಿಸಿಲು ಬಂತು. ಗಾಳಿರಾಯ ಬಂದು ಅಂಗಳದ ಮಣ್ಣಿಗೆ ಕೈ ಹಾಕಿದ. ಮಣ್ಣು ಏಳಲಿಲ್ಲ. ಇನ್ನೊಂದು ಸಲ ಎಳೆದ. ಏಳಲಿಲ್ಲ. ಗೊಣಗುತ್ತಾ ಹೊರಟುಹೋದ.

ಆ ದಿನ ಮಾಳವ್ವ ದೇವೀರಿಯನ್ನು ಸೊಂಟದಿಂದ ಇಳಿಸಿ ಹುಲ್ಲಿನ ಮೇಲೆ ನಿಲ್ಲಿಸಿದಳು. ಮಗು ಕಾಲಬೆರಳುಗಳನ್ನು ಹುಲ್ಲಿಗೆ ಒತ್ತಿ ನೋಡಿತು. ನೆಲ ಜಾರಲಿಲ್ಲ. ಮಗು ಅವ್ವನ ಮುಖ ನೋಡಿತು, ನೆಲ ನೋಡಿತು, ಮತ್ತೆ ಅವ್ವನ ಮುಖ ನೋಡಿತು. ಹೆಜ್ಜೆ ಇಡಲಿಲ್ಲ. ಆದರೆ ನಿಂತಿತು. ಕಾಟಯ್ಯ ಗುಡಿಸಲ ಬಾಗಿಲಲ್ಲಿ ನೋಡುತ್ತಾ ಕೂತಿದ್ದ.

ಎಲ್ಲರಿಗೂ ಆ ದಿನ ಒಳ್ಳೆಯ ನಿದ್ದೆ ಬಂತು. ತುಂಗೆಗೆ ಬರಲಿಲ್ಲ.

ಅವಳಿಗೆ ಒಂದೇ ಯೋಚನೆ. ಇವರು ಇಲ್ಲಿಂದ ಎಬ್ಬಿಸಿದರೆ? ಗದ್ದೆಯವರು ಅಂದ ಹಾಗೆ ಇವರೂ "ಜಾಗ ಇಲ್ಲಮ್ಮ" ಅಂದರೆ? ಆಗ ಎಲ್ಲಿಗೆ ಹೋಗಲಿ?

ಅವಳು ಮಣ್ಣಿನೊಳಗೆ, ಯಾರಿಗೂ ಕಾಣದ ಹಾಗೆ, ಒಂದು ಕಾಲು ಆಚೆಗೆ ಚಾಚಿದಳು. ಅದರ ತುದಿಯಲ್ಲಿ ಕಪ್ಪು ಮಣಿಯಂಥ ಒಂದು ಗಂಟು ಕಟ್ಟಿಟ್ಟಳು. ಅದರೊಳಗೆ ಪುಟ್ಟ ಮೊಳಕೆಯೊಂದನ್ನು ಮಲಗಿಸಿದಳು. "ಇಲ್ಲಿಂದ ಎಬ್ಬಿಸಿದರೆ ಅಲ್ಲಾದರೂ ಇರಬಹುದು" ಅಂದುಕೊಂಡಳು.

ಆದರೂ ಸಮಾಧಾನವಾಗಲಿಲ್ಲ. ಅಲ್ಲಿಂದಲೂ ಎಬ್ಬಿಸಿದರೆ? ಆ ಗಂಟಿನಿಂದ ಇನ್ನೊಂದು ಕಾಲು ಚಾಚಿದಳು, ಇನ್ನೊಂದು ಗಂಟು ಕಟ್ಟಿದಳು. ಅಲ್ಲಿಂದಲೂ ಎಬ್ಬಿಸಿದರೆ? ಮತ್ತೊಂದು ಗಂಟು. ದಾರಕ್ಕೆ ಮಣಿ ಪೋಣಿಸಿದ ಹಾಗೆ ಗಂಟುಗಳು ಅಂಗಳದ ಅಡಿಯಲ್ಲೆಲ್ಲ ಹರಡಿದವು.

ಗಂಟಿನೊಳಗಿನ ಮೊಳಕೆಗಳು ಆಗಾಗ ಎಚ್ಚರಾಗುತ್ತಿದ್ದವು. "ಏಳೋಣವಾ ಅಕ್ಕ?" ಅಂತ ಕೇಳುತ್ತಿದ್ದವು.

"ಬೇಡ, ಮಲಗಿ. ನಾನು ಎದ್ದಿದ್ದೀನಲ್ಲ" ಅನ್ನುತ್ತಿದ್ದಳು ತುಂಗೆ. ಅವು ಮಲಗುತ್ತಿದ್ದವು.

ಆದರೆ ಅಷ್ಟು ಮಣಿಗಳಿಗೆಲ್ಲ ಉಣಿಸಬೇಕಲ್ಲ. ತುಂಗೆ ಅಕ್ಕನ ಪಾಲಿನ ನೀರು ಕುಡಿದಳು, ಅಕ್ಕನ ಪಾಲಿನ ಸಾರ ತಿಂದಳು. ಅಕ್ಕನಿಗಿಂತ ಬೇಗ ಬೆಳೆದು, ಅಕ್ಕನ ತಲೆಮೇಲೆ ನಿಂತಳು. ಗರಿಕೆ ಅಲ್ಲಲ್ಲಿ ಹಳದಿಯಾದಳು. ಅವಳ ಚಾಪೆ ತೆಳ್ಳಗಾಯಿತು.

"ತಂಗೀ, ನನ್ನ ಬೇರಿನ ಮೇಲೆ ನಿನ್ನ ಕಾಲು ಇದೆ" ಅಂದಳು ಗರಿಕೆ.

"ಇನ್ನೊಂದೇ ಒಂದು ಗಂಟು ಅಕ್ಕ. ಆಮೇಲೆ ಸುಮ್ಮನಿರ್ತೀನಿ."

ಆ ಇನ್ನೊಂದು ಮುಗಿಯಲೇ ಇಲ್ಲ.

ಒಂದು ಬೆಳಿಗ್ಗೆ ಮಾಳವ್ವ ನೋಡಿದಳು. ಗರಿಕೆಯ ನಡುನಡುವೆ ತುಂಗೆ ಗುಂಪುಗುಂಪಾಗಿ ನಿಂತಿದ್ದಳು. ಗಾಳಿರಾಯ ಬೇಲಿಯಾಚೆ ಕೂತು ಹಳದಿಯಾದ ಕಡೆಯನ್ನೇ ನೋಡುತ್ತಿದ್ದ.

"ಅಲೆಯಲ್ಲ ಅಂದಿದ್ದೆ ನೀನು" ಅಂದಳು ಮಾಳವ್ವ.

ಅವಳು ಬಗ್ಗಿ ತುಂಗೆಯ ಜುಟ್ಟು ಹಿಡಿದು ಒಂದೇ ಏಟಿಗೆ ಎಳೆದಳು. ಒಳಗೆಲ್ಲೋ ಟಪ್ ಅಂತ ದಾರ ಹರಿಯಿತು. ಎಲೆ ಕೈಗೆ ಬಂತು. ಮಣಿಗಳು ಮಣ್ಣಿನಲ್ಲೇ ಉಳಿದವು.

ಈಗ ಆ ಮೊಳಕೆಗಳಿಗೆ "ಮಲಗಿ" ಅನ್ನುವವರು ಯಾರೂ ಇರಲಿಲ್ಲ. ಅವು ಒಂದೊಂದಾಗಿ ಎದ್ದವು. "ಅಕ್ಕ ಎಲ್ಲಿ?" ಅಂತ ಒಂದು ಕೇಳಿತು. "ಅಕ್ಕ ಕಾಣ್ತಿಲ್ಲ" ಅಂತ ಇನ್ನೊಂದು ಹೇಳಿತು. ಹುಡುಕೋಣ ಅಂತ ಎಲ್ಲವೂ ಮಣ್ಣು ಸೀಳಿಕೊಂಡು ತಲೆ ಎತ್ತಿದವು. ಒಂದು ತುಂಗೆ ಇದ್ದ ಕಡೆ ಒಂದು ಹಿಡಿ ತುಂಗೆ. ಎಲ್ಲವೂ ತುಂಗೆಯೇ. ಎಲ್ಲವಕ್ಕೂ ಅವಳದೇ ಭಯ.

ಮಾಳವ್ವ ಮತ್ತೆ ಕಿತ್ತಳು. ಮತ್ತೆ ಬಂದವು. ಕೈ ಕೆಂಪಾಗುವ ತನಕ ಕಿತ್ತಳು. ಅದಕ್ಕಿಂತ ಹೆಚ್ಚು ಬಂದವು.

"ನೀನು ಪಕ್ಕಕ್ಕೆ ಸರಿ, ನಾನು ನೋಡ್ಕೊಳ್ತೀನಿ" ಅಂತ ಕಾಟಯ್ಯ ಗುದ್ದಲಿ ತಂದ. ಅಗೆದ. ಗುದ್ದಲಿಯ ಏಟಿಗೆ ದಾರಗಳೆಲ್ಲ ತುಂಡಾದವು, ಮಣಿಗಳು ಮಣ್ಣಿನ ಹೆಂಟೆಯ ಜೊತೆ ಆ ಮೂಲೆಗೆ ಈ ಮೂಲೆಗೆ ಹಾರಿದವು. ತುಂಗೆ ಇಲ್ಲದ ಕಡೆಯೂ ತುಂಗೆ ಎದ್ದಳು. ಗರಿಕೆಯ ಬೇರುಗಳು ಮಾತ್ರ ಕಡಿದುಹೋದವು.

"ಸುಟ್ಟುಬಿಡೋಣ" ಅಂದ ಕಾಟಯ್ಯ. ಬೆಂಕಿ ಇಟ್ಟರು. ಮೇಲೆ ಮಲಗಿದ್ದ ಗರಿಕೆ ಬೆಂದಳು. ಕೆಳಗೆ ಅಡಗಿದ್ದ ಮಣಿಗಳಿಗೆ ಬರೀ ಬೆಚ್ಚಗಾಯಿತು.

ಆಗ ಕಾಡಿನಿಂದ ಹಂದಿ ಬಂತು. ಮೂಗು ನೆಲಕ್ಕೆ ಹಚ್ಚಿ ಮೂಸಿತು. "ಆಹಾ, ಘಮ ಅಂತಿದೆ ಗೆಡ್ಡೆ. ನನಗೆ ಬಿಡಿ. ಒಂದೂ ಉಳಿಯದ ಹಾಗೆ ತಿಂದು ಕೊಡ್ತೀನಿ" ಅಂದಿತು.

ಗರಿಕೆ, "ಬೇಡ ಮಾಳವ್ವ" ಅಂದಳು. ಅವಳ ದನಿ ಆಗಲೇ ಸಣ್ಣದಾಗಿತ್ತು. ಮಾಳವ್ವನಿಗೆ ಕೇಳಿಸಿತು. ಆದರೆ ಕೋಪದಲ್ಲಿ ಇದ್ದವರಿಗೆ ಕೇಳಿಸಿದರೂ ಕೇಳಿಸದ ಹಾಗೆಯೇ.

"ತಿನ್ನು" ಅಂದಳು.

ಹಂದಿ ತಿಂದಿತು. ಮೂತಿಯಿಂದ ಅಂಗಳವನ್ನೆಲ್ಲ ಉತ್ತು ಉತ್ತು ತಿಂದಿತು. ಹೊಟ್ಟೆ ತುಂಬಿದ ಮೇಲೆ ಬಾಯಿ ಒರೆಸಿಕೊಂಡು, ಆಳದಲ್ಲಿದ್ದ ಮಣಿಗಳನ್ನು ಹಾಗೇ ಬಿಟ್ಟು ಹೊರಟುಹೋಯಿತು. ಹಿಂದೆ ಉಳಿದದ್ದು ಹೊಂಡ, ಹೆಂಟೆ, ಸಡಿಲ ಮಣ್ಣು. ಬಾಗಿಲ ಹತ್ತಿರ ಮಾತ್ರ ಗರಿಕೆಯ ಒಂದು ಸಣ್ಣ ತುಂಡು ಹಸಿರಾಗಿ ಉಳಿದಿತ್ತು.

ಬೇಲಿಯಾಚೆ ಗಾಳಿರಾಯ ಎದ್ದು ನಿಂತ.

ಅವನು ನಡುಮಧ್ಯಾಹ್ನ ಬಂದ. ಕಾಟಯ್ಯ ನೀರಿಗೆ ಹೋಗಿದ್ದ. ಮಾಳವ್ವ ಒಳಗೆ ರಾಗಿ ಬೀಸುತ್ತಿದ್ದಳು. ದೇವೀರಿ ಬಾಗಿಲ ಮುಂದಿನ ಆ ಹಸಿರು ತುಂಡಿನ ಮೇಲೆ ಕೂತಿದ್ದಳು. ಮೊದಲು ಧೂಳೆದ್ದಿತು. ಆಮೇಲೆ ಮಣ್ಣೇ ಎದ್ದಿತು. ಅಂಗಳದ ಮೇಲುಮಣ್ಣು ಸೆರಗು ಎಳೆದ ಹಾಗೆ ಹೊಳೆಯ ಕಡೆಗೆ ಸರಿಯತೊಡಗಿತು. ಗುಡಿಸಲ ಕಂಬ ಕಿರ್ ಅಂದಿತು.

ಮಾಳವ್ವ ಓಡಿ ಬಂದಳು. ಮಗು ಕಾಣಲಿಲ್ಲ. ಕಣ್ಣು ಬಿಡಲು ಆಗಲಿಲ್ಲ. "ದೇವೀರೀ" ಅಂತ ಕೂಗಿದಳು. ಬಾಯಿಗೆ ಮಣ್ಣು ತುಂಬಿತು.

ಎಷ್ಟು ಕಿತ್ತರೂ ಮಣ್ಣಿನೊಳಗೆ ತುಂಗೆ ಉಳಿದಿದ್ದಳು, ಎಚ್ಚರವಾಗಿಯೇ ಇದ್ದಳು. ಹಂದಿಗೆ ಸಿಗದ ಆಳದಲ್ಲಿ ಅವಳ ಮಣಿಗಳಿದ್ದವು. ಗಾಳಿರಾಯ ಮಣ್ಣು ಎತ್ತಿ ಎತ್ತಿ ಅವಳ ಹತ್ತಿರಕ್ಕೇ ಬಂದ.

"ಓ, ನೀನಾ" ಅಂದ. "ನಿನ್ನನ್ನ ನಾನು ಬಯಲಲ್ಲಿ ನೋಡಿದ್ದೆ. ನೀನೂ ನನ್ನ ಹಾಗೇ. ಬೇರು ಬಿಡು, ಬಾ. ನನ್ನ ಜೊತೆ ಬಂದರೆ ಕೂರೋದೇ ಬೇಡ. ಯಾರೂ ನಿನ್ನನ್ನ ಎಬ್ಬಿಸಲ್ಲ."

ತುಂಗೆಗೆ ಎಷ್ಟು ಆಸೆಯಾಯಿತು ಗೊತ್ತಾ, ಮಗು? ಅವಳ ಎಲೆಯ ತುದಿಯಿಂದ ಬೇರಿನ ತುದಿಯವರೆಗೂ ಎಲ್ಲವೂ "ಹೋಗೋಣ" ಅಂದಿತು. ಆಚೆಗೆ, ಇನ್ನೂ ಆಚೆಗೆ.

"ಎಲ್ಲಿಗೆ?" ಅಂತ ಕೇಳಿದಳು.

"ಯಾರಿಗೆ ಗೊತ್ತು?"

ಅವಳು ಏಳಲು ನೋಡಿದಳು. ಏಳಲು ಆಗಲಿಲ್ಲ. ಈ ಕಡೆ ಒಂದು ದಾರ ಜಗ್ಗಿತು, ಆ ಕಡೆ ಒಂದು ದಾರ ಜಗ್ಗಿತು. ದಾರದ ತುದಿಗಳಲ್ಲಿ ಮೊಳಕೆಗಳು ಅಳುತ್ತಿದ್ದವು. "ಏಳೋಣವಾ ಅಕ್ಕ? ಏಳೋಣವಾ?" ಯಾವ ಭಯಕ್ಕೆ ಅವಳು ಅಷ್ಟೊಂದು ಗಂಟು ಕಟ್ಟಿದ್ದಳೋ ಆ ಗಂಟುಗಳು ಅವಳನ್ನು ಅಂಗಳಕ್ಕೇ ಕಟ್ಟಿಹಾಕಿದ್ದವು.

ಮೇಲಿನಿಂದ ಗರಿಕೆಯ ದನಿ ಬಂತು. "ತಂಗೀ, ನನ್ನ ಕೈಲಿ ಇಷ್ಟೇ ಆಗೋದು. ಮೇಲೆ ನಾನು ಹಿಡಿದಿದ್ದೀನಿ. ಕೆಳಗೆ ನೀನು ಹಿಡಿ. ಮಗು ನನ್ನ ಮೇಲೆ ಇದೆ."

ತುಂಗೆ ಗಾಳಿರಾಯನ ಕಡೆ ನೋಡಿದಳು. ಮೊಳಕೆಗಳಿಗೆ, "ಮಲಗಬೇಡಿ. ಎಲ್ಲರೂ ಹಿಡಿದುಕೊಳ್ಳಿ" ಅಂದಳು.

ಹರಿಯದೆ ಉಳಿದಿದ್ದ ದಾರಗಳೆಲ್ಲ ಬಿಗಿಯಾದವು. ಗಾಳಿರಾಯ ಎಳೆದ. ಮೇಲುಮಣ್ಣು ಹೋಯಿತು. ಅದರಡಿಯ ಮಣ್ಣು ಹೋಗಲಿಲ್ಲ. ಇನ್ನೂ ಎಳೆದ. ಕಂಬ ವಾಲಿತು, ಬೀಳಲಿಲ್ಲ. ಬಾಗಿಲ ಮುಂದಿನ ಹಸಿರು ತುಂಡು ಕೆಳಗಿನ ದಾರಗಳಿಗೆ ಅಂಟಿಕೊಂಡು ದೋಣಿಯ ಹಾಗೆ ತೂಗಾಡಿತು, ಕಳಚಲಿಲ್ಲ.

ಗಾಳಿರಾಯನಿಗೆ ಒಂದೇ ಕಡೆ ಬಹಳ ಹೊತ್ತು ನಿಂತು ಗೊತ್ತಿಲ್ಲ. ಬೇಸರ ಬಂದು ಆಚೆಗೆ ಹೊರಟುಹೋದ.

ಧೂಳು ಇಳಿಯಿತು. ಮಾಳವ್ವ ಕಣ್ಣುಜ್ಜಿಕೊಂಡು ನೋಡಿದಳು. ದೇವೀರಿ ಗರಿಕೆಯ ಮೇಲೆ ಅಂಗಾತ ಮಲಗಿದ್ದಳು. ಎರಡೂ ಮುಷ್ಟಿಯಲ್ಲಿ ಹುಲ್ಲು ಹಿಡಿದಿದ್ದಳು. ಮೈಯೆಲ್ಲ ಕೆಂಪುಮಣ್ಣು. ಅಳುತ್ತಿರಲಿಲ್ಲ, ಅಳಲು ಮರೆತಿದ್ದಳು. ಅವ್ವನನ್ನು ಕಂಡ ಮೇಲೆ ಅತ್ತಳು.

ಮಗುವನ್ನು ಎತ್ತಿಕೊಂಡ ಮೇಲೆ ಮಾಳವ್ವ ಅಂಗಳ ನೋಡಿದಳು. ಮಣ್ಣು ಹಾರಿಹೋಗಿ ಒಳಗಿನದೆಲ್ಲ ಹೊರಗೆ ಕಾಣುತ್ತಿತ್ತು. ದಾರ, ಮಣಿ, ದಾರ, ಮಣಿ. ಬಲೆಯ ಹಾಗೆ ನೆಲವನ್ನು ಹಿಡಿದಿತ್ತು. ಅವಳು ಕಿತ್ತಾಗ ಹರಿದ ಕಡೆ, ಗುದ್ದಲಿ ಬಿದ್ದ ಕಡೆ, ಹಂದಿ ಉತ್ತ ಕಡೆ, ಅಲ್ಲೆಲ್ಲ ಹಳ್ಳ ಬಿದ್ದಿತ್ತು.

ಅವಳು ಕುಕ್ಕರಗಾಲಲ್ಲಿ ಕೂತು ಒಂದು ಮಣಿ ಮುಟ್ಟಿ ನೋಡಿದಳು. ಆಮೇಲೆ, "ಇಷ್ಟೊಂದು ಯಾಕೆ ಕಟ್ಟಿದೆ?" ಅಂತ ಕೇಳಿದಳು.

"ನೀವು ಎಬ್ಬಿಸ್ತೀರಿ ಅಂತ" ಅಂದಳು ತುಂಗೆ.

"ನೀನು ಇಷ್ಟೊಂದು ಕಟ್ಟಿದ್ದಕ್ಕೇ ಎಬ್ಬಿಸಿದ್ದು."

"ಹೂಂ."

ಮಾಳವ್ವ ನಿಟ್ಟುಸಿರು ಬಿಟ್ಟಳು. ಭಯದಲ್ಲಿ ಮನೆ ಹೊತ್ತು ತಿರುಗಿದವಳು ಅವಳು. ಆ ಭಯ ಅವಳಿಗೆ ಗೊತ್ತಿತ್ತು.

"ನೋಡವ್ವ" ಅಂದಳು. "ನಿನ್ನ ಮೇಲೆ ನನಗೆ ಪ್ರೀತಿ ಬಂತು ಅಂತ ಸುಳ್ಳು ಹೇಳಲ್ಲ. ನಿನ್ನನ್ನ ಸುಮ್ಮನೆ ಬಿಟ್ಟರೆ ನಿನ್ನ ಅಕ್ಕನನ್ನೇ ತಿಂದುಬಿಡ್ತೀಯ. ಅಕ್ಕ ಹೋದರೆ ನನ್ನ ಮಗು ಎಲ್ಲಿ ನಿಲ್ಲಬೇಕು? ಆದರೆ ಇವತ್ತು ನೀನು ಹೋಗದೆ ಇದ್ದದ್ದನ್ನ ನಾನು ನೋಡಿದೀನಿ. ಅದಕ್ಕೇ ಕೇಳ್ತೀನಿ, ನೀನೇ ಹೇಳು. ಏನು ಮಾಡಿದರೆ ಮಲಗ್ತೀಯ?"

ಯಾರೂ ತುಂಗೆಯನ್ನು ಹಾಗೆ ಕೇಳಿರಲಿಲ್ಲ. ಅವಳು ಯೋಚಿಸಿದಳು.

"ಬೆಳಕು ಕಂಡರೆ ನನಗೆ ನಿದ್ದೆ ಬರಲ್ಲ. ಬರಿಮಣ್ಣು ಕಂಡರೆ, ಅಯ್ಯೋ ಅಲ್ಲೊಂದು ಜಾಗ ಖಾಲಿ ಇದೆ, ಈಗಲೇ ಹೋಗಿ ಕೂರಬೇಕು ಅನ್ನಿಸುತ್ತೆ" ಅಂದಳು. "ಅಕ್ಕ ದಟ್ಟವಾಗಿ ಹೊದಿಸಿದರೆ ಬೆಳಕು ಕಾಣಲ್ಲ. ಆಗ ಮಲಗಬಹುದೇನೋ."

"ಹಾಗಾದರೆ ಅಕ್ಕನನ್ನ ನಾನು ನೋಡಿಕೊಳ್ತೀನಿ" ಅಂದಳು ಮಾಳವ್ವ. "ತೆಳ್ಳಗಾದ ಕಡೆ ಗೊಬ್ಬರ ಹಾಕ್ತೀನಿ, ನೀರು ಬಿಡ್ತೀನಿ. ನೀನು ಕೆಳಗೆ ಹಿಡಿದುಕೊಂಡು ಮಲಗು. ನಾನು ಸೋಮಾರಿಯಾಗಿ ಎಲ್ಲಾದರೂ ಬರಿಮಣ್ಣು ಬಿಟ್ಟರೆ ಎದ್ದುಬಾ, ನನಗೂ ಗೊತ್ತಾಗಲಿ. ಆಗ ಕೀಳ್ತೀನಿ. ಆದರೆ ಜುಟ್ಟು ಹಿಡಿದು ಎಳೆಯಲ್ಲ."

"ಮತ್ತೆ ಹೇಗೆ?"

"ಮಳೆ ಬಂದು ಮಣ್ಣು ಮೆತ್ತಗಾದ ಮೇಲೆ. ಮೆಲ್ಲಗೆ. ಬೆರಳು ಇಳಿಸಿ, ದಾರ ಹಿಡಿದು, ಮಣಿ ಸಿಗೋವರೆಗೆ. ಒಳಗಿನವರು ಏಳದ ಹಾಗೆ."

ತುಂಗೆ ಒಪ್ಪಿದಳು. ಗರಿಕೆಯೂ ಒಪ್ಪಿದಳು. ಭೂಮಿತಾಯಿ ಕೆಳಗಿನಿಂದ ಎಲ್ಲ ಕೇಳಿಸಿಕೊಂಡಳು.

ಕಾಟಯ್ಯ ನೀರು ಹೊತ್ತು ಬಂದಾಗ ಹೆಂಡತಿ ಮಣ್ಣು ಹೊರುತ್ತಿದ್ದಳು. ಅವನೂ ಬುಟ್ಟಿ ತೆಗೆದುಕೊಂಡ. ಇಬ್ಬರೂ ಸೇರಿ ಬೋಳಾಗಿದ್ದ ಮಣಿಗಳ ಮೇಲೆ ಮಣ್ಣು ಮುಚ್ಚಿದರು. ಉಳಿದಿದ್ದ ಗರಿಕೆಯಿಂದ ಗೆಣ್ಣು ಬಿಡಿಸಿ ಅಂಗಳದ ತುಂಬ ನೆಟ್ಟರು. ಗರಿಕೆ ಮತ್ತೆ ಚಾಪೆ ಹೆಣೆಯತೊಡಗಿದಳು. ಈ ಸಲ ಎಳೆ ಎಳೆಯನ್ನೂ ಒತ್ತಿ ಒತ್ತಿ ಹೆಣೆದಳು.

ನಡುನಡುವೆ ತುಂಗೆ ಏಳುತ್ತಲೇ ಇದ್ದಳು. ಅಭ್ಯಾಸ ಎಲ್ಲಿಗೆ ಹೋಗುತ್ತದೆ? ಕಾಟಯ್ಯ ಒಮ್ಮೊಮ್ಮೆ ತಾಳ್ಮೆಗೆಟ್ಟು ಜುಟ್ಟು ಹಿಡಿದು ಎಳೆದುಬಿಡುತ್ತಿದ್ದ. ಕೆಲವೇ ದಿನಗಳಲ್ಲಿ ಅಲ್ಲೊಂದು ಹಿಡಿ ಏಳುತ್ತಿತ್ತು. ಅವನು ಹೆಂಡತಿಯ ಮುಖ ನೋಡುತ್ತಿರಲಿಲ್ಲ. ಮಾಳವ್ವ ಮಳೆಗೆ ಕಾಯುತ್ತಿದ್ದಳು. ಮಳೆ ಬಂದ ಮೇಲೆ ಹುಲ್ಲಿನ ಮೇಲೆ ಕೂತು, ಬೆರಳು ಇಳಿಸಿ, ಮೆಲ್ಲಗೆ ಮಣಿ ತೆಗೆಯುತ್ತಿದ್ದಳು. ಮೂಗಿನ ಹತ್ತಿರ ಹಿಡಿದರೆ ಅದು ಘಮ್ಮೆನ್ನುತ್ತಿತ್ತು. ಎಷ್ಟು ತೆಗೆದರೂ ಆಳದಲ್ಲಿ ಇನ್ನೂ ಇರುತ್ತಿದ್ದವು. ಅಂಗಳ ಒಂದು ದಿನವೂ ಪೂರ್ತಿ ಅವಳದಾಗಲಿಲ್ಲ. ಪೂರ್ತಿ ತುಂಗೆಯದೂ ಆಗಲಿಲ್ಲ.

ಗರಿಕೆ ಅಂಗಳದ ಆ ತುದಿ ಮುಟ್ಟಿದ ಮೇಲೆ ಒಂದು ಬೆಳಿಗ್ಗೆ ದೇವೀರಿ ಎದ್ದು ನಿಂತಳು. ಯಾರೂ ನಿಲ್ಲಿಸಿರಲಿಲ್ಲ. ಹೊಸಿಲು ಬಿಟ್ಟು ಒಂದು ಹೆಜ್ಜೆ ಇಟ್ಟಳು. ನೆಲ ಜಾರಲಿಲ್ಲ. ಇನ್ನೊಂದು ಇಟ್ಟಳು. ಮಾಳವ್ವನ ಕೈ ಬೀಸುಕಲ್ಲಿನ ಗೂಟದ ಮೇಲೇ ನಿಂತುಹೋಯಿತು. ಮಗು ಅಂಗಳ ದಾಟಿ ಬೇಲಿಯವರೆಗೆ ಹೋಗಿ, ಬೇಲಿ ಹಿಡಿದು, ತಿರುಗಿ ನೋಡಿ ನಕ್ಕಿತು.

ಹುಲ್ಲಿನಡಿಯಲ್ಲಿ ತುಂಗೆ ಆ ಹೆಜ್ಜೆಗಳ ಸದ್ದು ಕೇಳಿದಳು. ಮೊಳಕೆಗಳಿಗೆ, "ಏನಿಲ್ಲ, ಮಲಗಿ" ಅಂದಳು. ಅವು ಮಲಗಿದವು. ಅವಳಿಗೆ ಮಾತ್ರ ನಿದ್ದೆ ಹತ್ತಲಿಲ್ಲ. ಆಚೆ ಏನಿದೆಯೋ ಅಂತ ಆಗಲೂ ಅನ್ನಿಸುತ್ತಲೇ ಇತ್ತು.

ಅದಕ್ಕೇ ನೋಡು ಮಗು, ಇವತ್ತಿಗೂ ನಮ್ಮ ಮನೆಯ ಮುಂದಿನ ಹುಲ್ಲುಹಾಸಿನಲ್ಲಿ ಗರಿಕೆ ದಟ್ಟವಾಗಿರುವ ಕಡೆ ತುಂಗೆ ಕಾಣುವುದಿಲ್ಲ, ಕೋಪದಲ್ಲಿ ಜುಟ್ಟು ಹಿಡಿದು ಎಳೆದ ಕಡೆ ಒಂದಕ್ಕೆ ಒಂದು ಹಿಡಿ ಏಳುತ್ತದೆ, ಮತ್ತು ಎಲ್ಲಿ ಅಂಗೈಯಗಲ ಮಣ್ಣು ಬರಿದಾದರೂ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಅವಳು ಅಲ್ಲಿ ನೆಟ್ಟಗೆ ಎದ್ದು ನಿಂತು, ಇಲ್ಲೇ ಇರಲೋ ಆಚೆ ಹೋಗಲೋ ಅಂತ ಸುತ್ತಲೂ ನೋಡುತ್ತಿರುತ್ತಾಳೆ.